ಎರಡನೇ ಭಾಗಕ್ಕೆ ಮೊದಲೇ ಸನ್ಮಾನ

ನಮ್ಮ ಕುಮಟೆ, ಹೊನ್ನಾವರದ ಕಡೆ ಶಾಲು ಹೊದೆಸದೆ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ಯಕ್ಷಗಾನವನ್ನೂ ಅರ್ಧಕ್ಕೆ ನಿಲ್ಲಿಸಿ ಸನ್ಮಾನ ಮಾಡುತ್ತಾರೆ. ವೇಷ ಕಟ್ಟಿದವನು ಮೂಲೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಭಾಷಣ ಮುಗಿಯುವುದನ್ನೇ ಕಾಯಬೇಕು. ಥೂ, ನೆನೆದರೆ ಹೇಸಿಗೆಯಾಗುತ್ತದೆ.

ನನ್ನ ಚಟ ಬೇರೆ. ಬ್ಯಾಂಕಿನಲ್ಲಿದ್ದ ಮೂವತ್ತು ವರ್ಷವೂ ಮನೆಗೆ ಬಂದವನೇ ಹತ್ತೊಂಬತ್ತನೇ ಶತಮಾನದ ಯುರೋಪಿನ ಪಿಯಾನೊ ಸಂಗೀತ ಹಾಕಿಕೊಂಡು ಕೂರುತ್ತಿದ್ದೆ. "ಎಂತದ್ರಾ ಅದು, ಪಾತ್ರೆ ಬಿದ್ದಂಗೆ?" ಎಂದು ಹೆಂಡತಿ ಅಡುಗೆಮನೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಮ್ಮೆಯಾದರೂ ಅವಳು ನನ್ನ ಪಕ್ಕ ಕೂತು ಅದನ್ನು ಕೇಳಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು.

ಕಳೆದ ವರ್ಷ ಕುಮಟೆಯ ಕಲಾಸಂಘವೊಂದರ ಕೈಕಾಲು ಹಿಡಿದು, ಗೋವಾದಿಂದ ಪಿಯಾನೊ ನುಡಿಸುವ ಹುಡುಗಿಯೊಬ್ಬಳನ್ನು ಅವಳ ಎಲೆಕ್ಟ್ರಾನಿಕ್ ಪಿಯಾನೊ ಸಮೇತ ಕರೆಸಿದೆ. ಹೆಂಡತಿಯೂ ಬಂದಳು. ಅವಳು ನುಡಿಸುವ ಕೃತಿಗೆ ಮೂರು ಭಾಗ. ಎರಡನೆಯದು ನಿಧಾನದ್ದು, ಎದೆ ಹಿಂಡುವಂಥದ್ದು. ಮೊದಲ ಭಾಗ ಮುಗಿಸಿ ಹುಡುಗಿ ಕೈಗಳನ್ನು ಮಡಿಲಲ್ಲಿಟ್ಟು ಉಸಿರೆಳೆದುಕೊಂಡಳು. ಹೆಂಡತಿ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಇನ್ನೂ ಅದೆಯಾ? ಚಲೋ ಅದೆ." ನನಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಸಂಘದ ಅಧ್ಯಕ್ಷರು ಎದ್ದರು. ಆ ಮೌನ ಕಂಡು ಎಲ್ಲ ಮುಗಿಯಿತೆಂದೇ ತಿಳಿದಿದ್ದರು. "ಆತು, ಆತು, ಜೋರಾಗಿ ಚಪ್ಪಾಳೆ!" ಎಂದು ಮೈಕಿನಲ್ಲಿ ಕೂಗಿ, ಹಣ್ಣಿನ ಬುಟ್ಟಿ ತಂದು ಪಿಯಾನೊದ ಕೀಗಳ ಮೇಲೇ ಇಟ್ಟರು. ಅದು ಗಂಯ್ ಎಂದಿತು, ಜನ ನಕ್ಕರು. ಹುಡುಗಿಗೆ ಶಾಲು ಹೊದೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಅರ್ಧ ಗಂಟೆ ಭಾಷಣ. ತಮ್ಮ ಅಜ್ಜನ ಹಾರ್ಮೋನಿಯಂ, ಮಗಳ ಮಾರ್ಕು, ಎಲ್ಲ ಬಂತು. ಬಾಯಿ ತುಂಬ ಎಲೆಯಡಿಕೆಯ ಕವಳ. ಕೆಂಪು ಎಂಜಲು ಹಾರಿ ಪಿಯಾನೊದ ಬಿಳಿ ಕೀಗಳ ಮೇಲೆ ಬೀಳುತ್ತಿತ್ತು. ಅಸಹ್ಯ.

ಆಮೇಲೆ ನನ್ನ ಹೆಸರು ಕರೆದರು. ಹೋದೆ. ತಲೆ ಬಗ್ಗಿಸಿ ಶಾಲು ಹೊದೆಸಿಕೊಂಡೆ. ಮೈಕು ಕೊಟ್ಟರು, ಅಧ್ಯಕ್ಷರನ್ನು ಹೊಗಳಿ ಕೈಮುಗಿದೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಜನ ಎದ್ದು ಚಹಾದ ಕಡೆ ನುಗ್ಗಿದರು. ಅವಳು ಕೀಗಳನ್ನು ಒರೆಸಿ ವಾದ್ಯ ಕಟ್ಟಿಕೊಂಡು ಹೊರಟುಹೋದಳು.

ರಿಕ್ಷಾದಲ್ಲಿ ಮನೆಗೆ ಬರುವಾಗ ಅಧ್ಯಕ್ಷರನ್ನು ಬಾಯಿಗೆ ಬಂದಂತೆ ಬೈದೆ. ಹೆಂಡತಿ ಎಲ್ಲ ಕೇಳಿ ಅಂದಳು: "ನಾ ಇನ್ನೂ ಕೇಳ್ಬೇಕು ಅಂತ ಕೂತಿದ್ದೆ. ಅವ್ರಿಗೆ ಗೊತ್ತಿರ್ಲಿಲ್ಲ, ನಿಮಗೆ ಗೊತ್ತಿತ್ತಲ. ಮೈಕು ನಿಮ್ಮ ಕೈಲೇ ಇತ್ತು. ಎಂತಕ್ಕೆ ಹೇಳ್ಲಿಲ್ಲ?"

ಅಷ್ಟು ಜನರೆದುರು ಹೆಸರು ಕರೆದಾಗ ನನಗೆ ಖುಷಿಯಾಗಿತ್ತು ಎಂದು ಯಾವ ಬಾಯಲ್ಲಿ ಹೇಳಲಿ? ನನ್ನ ಮೇಲೇ ನನಗೆ ಹೇಸಿಗೆಯಾಯಿತು.