ಕುರ್ಚಿಯ ತುದಿ

ರೋಗಿಯನ್ನು ನೋಡಲು ಬಂದವರು ಕುರ್ಚಿಯ ತುದಿಯಲ್ಲಷ್ಟೇ ಕೂರುವುದನ್ನು ನೀವು ಗಮನಿಸಿದ್ದೀರಾ? ಬೆನ್ನು ಒರಗುವುದಿಲ್ಲ, ಪಾದಗಳು ಬಾಗಿಲ ಕಡೆಗಿರುತ್ತವೆ. ಸಾಗರದ ನಮ್ಮ ಮನೆಯಲ್ಲಿ ಅಕ್ಕ ಹಾಸಿಗೆ ಹಿಡಿದ ಮೇಲೆ ಈ ಆಸನವನ್ನು ನಾನು ಕೂಲಂಕಷವಾಗಿ ಅಭ್ಯಾಸ ಮಾಡಿದ್ದೇನೆ. ನಾನು ಕೂರುವುದೂ ಹಾಗೆಯೇ. ಹೊಟ್ಟೆಯ ಕ್ಯಾನ್ಸರು ಕೈಮೀರಿದೆಯೆಂದು ವೈದ್ಯರು ಮನೆಗೆ ಕಳುಹಿಸಿದ್ದರು. ಅದನ್ನು ಅಕ್ಕನಿಗೆ ತಿಳಿಸಬಾರದೆಂಬುದು ಮನೆಯವರ, ಎಂದರೆ ಮುಖ್ಯವಾಗಿ ನನ್ನ, ತೀರ್ಮಾನ.

ಬಂದವರೆಲ್ಲ ಈ ನಾಟಕದ ಪಾತ್ರಧಾರಿಗಳೇ. ತೀರ್ಥಹಳ್ಳಿಯ ಚಿಕ್ಕಮ್ಮ ಕಿತ್ತಳೆಹಣ್ಣಿನ ಚೀಲ ಇಟ್ಟು, "ಎಂತದೂ ಆಗಲ್ಲ ಸುಶೀಲಾ, ಮುಂದಿನ ತಿಂಗ್ಳು ನೀನೇ ನಮ್ಮನೆಗೆ ಬರ್ತೀಯ" ಎಂದರು. ಅನಂತರ ಜಗಲಿಗೆ ಬಂದು ನನ್ನ ಕಿವಿಯಲ್ಲಿ, "ಡಾಕ್ಟ್ರು ಎಷ್ಟು ದಿನ ಅಂದ್ರು ಮಾರಾಯ್ತಿ?" ಎಂದರು. ಚಿಕ್ಕಮ್ಮನ ಪಿಸುಮಾತು ಬೀದಿಯ ತಿರುವಿನವರೆಗೆ ಕೇಳುವಂಥದ್ದು.

ಆ ವಾರವೇ ರೀಟಾ ಬಂದಳು. ರಿಪ್ಪನ್‌ಪೇಟೆಯವಳು, ನನ್ನ ಹಳೆಯ ವಿದ್ಯಾರ್ಥಿನಿ. ಈಗ ಕ್ರೈಸ್ತ ಕಾಲೇಜೊಂದರಲ್ಲಿ ಮಾನವ ಕ್ಷೇಮ ಮತ್ತು ಆರೈಕೆಯನ್ನು ಕುರಿತ ಸ್ನಾತಕೋತ್ತರ ವ್ಯಾಸಂಗ. ಅದರ ಅಂಗವಾಗಿ ಹೊಸನಗರ, ಸಾಗರಗಳ ರೋಗಿಗಳ ಮನೆಗೆ ಹೋಗುತ್ತಾಳೆ.

"ಆರೈಕೆಗೂ ಎಂ.ಎ.ಯೇ? ನಮ್ಮ ಅಜ್ಜಿಯರು ಯಾವ ಪರೀಕ್ಷೆ ಬರೆದಿದ್ದರು?" ಎಂದು ಕೆಣಕಿದೆ.

"ಪರೀಕ್ಷೆ ಸುಲಭ ಮೇಡಂ, ಸುಮ್ನೆ ಕೂರೋದೇ ಕಷ್ಟ. ಯೇಸು ಸಾಯೋ ಮುಂಚೆ ಗೆಳೆಯರನ್ನ ಕೇಳಿದ್ದು, ಜೊತೆಗೆ ಎಚ್ಚರವಾಗಿರಿ ಅಂತ ಅಷ್ಟೇ. ಅವ್ರಿಗೆ ಅದೂ ಆಗ್ಲಿಲ್ಲ, ನಿದ್ದೆ ಹೋದ್ರು."

ಉಪಾಸನೆಯೆಂದರೆ ಹತ್ತಿರ ಕುಳಿತಿರುವುದೆಂದು ಇವಳ ತರಗತಿಗೆ ಧಾತುಸಹಿತ ಬಿಡಿಸಿ ಹೇಳಿದವಳು ನಾನೇ. ಹೇಳಿದ್ದೆ, ಕುಳಿತಿರಲಿಲ್ಲ.

ರೀಟಾ ಹಣ್ಣು ತಂದಿರಲಿಲ್ಲ. "ಕೂರ್ಬಹುದಾ ಅಮ್ಮ?" ಎಂದು ಅಕ್ಕನನ್ನು ಕೇಳಿ, ಕುರ್ಚಿಯ ತುಂಬ ಕುಳಿತಳು. ಮಾತಿಲ್ಲ. ಬಹಳ ಹೊತ್ತಾದ ಮೇಲೆ ಗಂಜಿ ಹಿಡಿದು ಹೋದ ನಾನು ಬಾಗಿಲಲ್ಲೇ ನಿಂತೆ.

"ನಂಗೆಲ್ಲ ಗೊತ್ತಿದೆ ಮಗಾ" ಎನ್ನುತ್ತಿದ್ದಳು ಅಕ್ಕ. "ನನ್ನ ತಂಗಿ ಹತ್ರ ಹೇಳ್ಬೇಡ. ಪಾಪ, ಅವ್ಳು ತಡ್ಕಳಲ್ಲ."

ನಾನು ಬಚ್ಚಿಟ್ಟದ್ದನ್ನೇ ಅವಳೂ ನನ್ನಿಂದ ಬಚ್ಚಿಟ್ಟಿದ್ದಳು. ಒಂದೇ ಕೋಣೆಯಲ್ಲಿ ಇಬ್ಬರೂ ಒಂಟಿಯಾಗಿ ಹೆದರಿದ್ದೆವು.

ರೀಟಾ ನನ್ನನ್ನು ಕಂಡಳು. ಎದ್ದು, ಗಂಜಿಯ ಬಟ್ಟಲು ತೆಗೆದುಕೊಂಡು, ಕುರ್ಚಿಯನ್ನು ನನಗೆ ಬಿಟ್ಟಳು. ಎಂದಿನ "ಎಂತದೂ ಆಗಲ್ಲ" ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅದನ್ನು ನುಂಗಿ, "ಹೆದರಿಕೆ ಆಗ್ತದಾ ಅಕ್ಕ?" ಎಂದೆ.

"ಆಗ್ದೆ ಎಂತ?" ಎಂದಳು. ನಾನು ತುದಿಯಲ್ಲೇ ಕೂತದ್ದು ಅವಳ ಕಣ್ಣಿಗೆ ಬಿತ್ತು. "ಸರಿಯಾಗಿ ಒರಗಿ ಕೂತ್ಕಳೇ. ಬಸ್ಸಿಗೆ ಕಾಯೋರ ಥರ ಎಂತಕ್ಕೆ ಕೂತಿದೀಯ? ಹೋಗೋಳು ನಾನು."