ಅಂಗಳದಲ್ಲಿ ಬರೆದ ಜೈಲು

ದೆವ್ವ, ಗಾಳಿ ಅಂದವರನ್ನು ನಕ್ಕು ಕಳಿಸುತ್ತಿದ್ದವಳು ನಾನು. ಓದಿದ್ದು ನಾಲ್ಕನೇ ಕ್ಲಾಸು, ಆದರೂ ಕಣ್ಣಿಗೆ ಕಾಣದ್ದನ್ನು ನಂಬಿದವಳಲ್ಲ. ನೀವೂ ನಂಬಬೇಕಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಮೊಮ್ಮಗಳು ಸವಿತಾ ಇಂಜಿನಿಯರು. ಇದನ್ನು ಬರೆಯುವಾಗಲೇ ಎದೆ ಉಬ್ಬುತ್ತದೆ, ಏನು ಮಾಡಲಿ. ಬೆಸಗರಹಳ್ಳಿಯಲ್ಲಿ ಬಸ್ಸಿಗೆ ಕಾಯುವವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಕೆಲವು ವರ್ಷದ ಹಿಂದೆ, ಹಳೆಯದೊಂದು ಜೈಲನ್ನು ದೊಡ್ಡದು ಮಾಡುವ ನಕ್ಷೆಯ ಕೆಲಸ ಅವಳೊಬ್ಬಳ ಕೈಗೆ ಬಂತು. ಅವಳಿಗದು ಮೊದಲನೆಯದು. ಜೈಲಿನೊಳಗೆ ಜನ ಕಿಕ್ಕಿರಿದಿದ್ದರಂತೆ. ಆದರೆ ಹೊಸ ಕೋಣೆಗಳಲ್ಲೂ ಒತ್ತೊತ್ತಾಗಿ ಜನ ಹಿಡಿಸುವಂತೆ ಬರಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಅವಳ ಕಂಪನಿಯ ಯಜಮಾನರು ಹೇಳಿದ್ದರು.

ಭಾನುವಾರ ಊರಿಗೆ ಬಂದವಳು ಊಟ ಬಿಟ್ಟು ಕೂತಿದ್ದಳು. "ಕಾಗದದ ಮ್ಯಾಲೆ ಎಲ್ರೂ ಹಿಡೀತಾರೆ ಕಣಜ್ಜಿ. ನೆಲದ ಮ್ಯಾಲೆ ಹೆಂಗೋ ಗೊತ್ತಾಯ್ತಿಲ್ಲ," ಅಂದಳು.

ನಾನು ರಂಗೋಲಿ ಡಬ್ಬ ತಂದೆ. ಅವಳು ಟೇಪು ಹಿಡಿದು ಗುರುತು ಮಾಡಿದಳು, ನಾನು ಗೆರೆ ಎಳೆದೆ. ಸಾರಿಸಿದ ಅಂಗಳದಲ್ಲಿ ಜೈಲಿನ ಒಂದು ಕೋಣೆ ಎದ್ದಿತು. ಒಬ್ಬೊಬ್ಬರು ಮಲಗುವ ಜಾಗ ರಾಗಿ ಮೂಟೆ ಮಲಗಿಸಿದಷ್ಟು ಅಗಲ. ತಮಾಷೆಗೆ ನಾನು ನಡುವಿನ ಒಂದರಲ್ಲಿ ಮಲಗಿದೆ.

"ಏನ್ ತಪ್ ಮಾಡ್ದೆ ಅಜ್ಜಿ?"

"ನಿಮ್ಮಪ್ಪನ್ನ ಹೆತ್ನಲ್ಲ, ಅದ್ಕೇ ಕಣೇ, ಓಗು."

ಅವಳು ನಗುತ್ತ ಕಾಫಿ ಕಾಯಿಸಲು ಒಳಗೆ ಹೋದಳು. ಇನ್ನೂ ಬಿಸಿಲಿತ್ತು. ನನಗೆ ನಿದ್ದೆ ಹತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಎರಡೂ ಪಕ್ಕದಿಂದ ಬೆಚ್ಚನೆಯ ಮೈಗಳು ಒತ್ತಿಕೊಂಡವು. ಭುಜ ಅಲುಗಿಸಲು ಆಗಲಿಲ್ಲ. ತಲೆಯ ಹತ್ತಿರ ಒಬ್ಬ ಮುದುಕ, ದಿನವೂ ಹೇಳಿ ರೂಢಿಯಾದವನ ಹಾಗೆ, ಮೆಲ್ಲಗೆ ಅಂದ: "ಎಲ್ರೂ ಗ್ವಾಡೆ ಕಡೀಕೆ ತಿರುಕ್ಕಳ್ರಪ್ಪ."

ಎಲ್ಲರೂ ಒಟ್ಟಿಗೆ ಮಗ್ಗುಲಾದರು. ನಾನೂ ಆದೆ. ಕಣ್ಣು ಬಿಟ್ಟರೆ ಅಂಗಳ ಖಾಲಿ. ನಾನು ತಿರುಗಿದ ಕಡೆ ಗೋಡೆಯೇ ಇಲ್ಲ, ಕಬ್ಬಿನ ಗದ್ದೆ.

ಸವಿತಾಗೆ ಹೇಳಿದೆ. ಅವಳು ನಗಲಿಲ್ಲ. ಮರುದಿನ ಅಳತೆಗೆಂದು ಜೈಲಿಗೆ ಹೋದವಳು, ಇಷ್ಟು ಜನ ರಾತ್ರಿ ಹೇಗೆ ಮಲಗುತ್ತಾರೆ ಎಂದು ಕಾವಲಿನವರೊಬ್ಬರನ್ನು ಕೇಳಿದಳಂತೆ. ಒಬ್ಬೊಬ್ಬರೇ ಹೊರಳಲು ಜಾಗವಿಲ್ಲ, ಒಬ್ಬ ಮುದುಕ ಹೇಳಿದಾಗ ಎಲ್ಲರೂ ಒಟ್ಟಿಗೆ ತಿರುಗುತ್ತಾರೆ ಅಂದರಂತೆ. ಅವನು ಏನನ್ನುತ್ತಾನೆ ಎಂದು ಕೇಳಿದ್ದಕ್ಕೆ ಬಂದದ್ದು ಅದೇ ಮಾತು. ನಾನಂತೂ ಆ ಜೈಲಿನ ಬಾಗಿಲು ಕೂಡ ಕಂಡವಳಲ್ಲ.

ಸವಿತಾ ನಕ್ಷೆಯನ್ನು ಹೊಸದಾಗಿ ಬರೆದಳು. ಮನುಷ್ಯ ತನ್ನಷ್ಟಕ್ಕೆ ತಾನು ಹೊರಳುವಷ್ಟು ಜಾಗ ಬಿಟ್ಟಳು. ಆ ಕೆಲಸ ಕೈತಪ್ಪಿ ಬೇರೆಯವರಿಗೆ ಹೋಯಿತು. ಆ ದಿನ ನಾನು ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಿದೆ. ಮುದುಕಿಗೆ ಹುಚ್ಚು ಅಂದರು. ಅನ್ನಲಿ, ನನ್ನ ಮೊಮ್ಮಗಳು ಅಂಥವಳು.

ಆ ಜೈಲಿನಲ್ಲಿ ಇನ್ನೂ ಹಾಗೇ ಒತ್ತೊತ್ತಾಗಿ ಮಲಗುತ್ತಾರಂತೆ. ಅಲ್ಲಿನ ಮಾತು ನನ್ನ ಅಂಗಳಕ್ಕೆ ಹೇಗೆ ಬಂತೋ ತಿಳಿಯದು. ಅಗಲವಾದ ಮಂಚದಲ್ಲಿ ಒಬ್ಬಳೇ ಮಲಗುತ್ತೇನೆ. ಮಗ್ಗುಲು ಬದಲಿಸಬೇಕು ಅನಿಸಿದಾಗ ಮಾತ್ರ, ಯಾರಾದರೂ ಹೇಳಲಿ ಎಂದು ಈಗಲೂ ಒಂದು ಗಳಿಗೆ ಕಾಯುತ್ತೇನೆ.