ಸಿರುಗುಪ್ಪದ ಟಾಕೀಸಿನ ನವಿಲು

ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಬೆಳಿಗ್ಗೆ ಹೊರಟಾಗ ಅಪ್ಪನ ಚೀಲದಲ್ಲಿ ಉಳಿ, ಸುತ್ತಿಗೆ, ಹಳೆಯ ಕೌದಿ ಇದ್ದವು. ಸಿರುಗುಪ್ಪದ ಟಾಕೀಸನ್ನು ಕೆಡವುತ್ತಿದ್ದಾರೆಂದು ಮುನ್ನಾದಿನ ಸುದ್ದಿ ಬಂದಿತ್ತು. ಅದರ ಮುಂಗೋಡೆಯ ಗಾರೆಯ ನವಿಲು ಅಪ್ಪ ಹರೆಯದಲ್ಲಿ ಮಾಡಿದ್ದು. ಅದನ್ನು ಬಿಡಿಸಿ, ಕೌದಿಯಲ್ಲಿ ಸುತ್ತಿ ಮನೆಗೆ ತರಬೇಕೆಂಬುದು ಅವನ ಹಟ. ಮಾಲೀಕರೂ ಒಪ್ಪಿದ್ದರು. ಮೊಣಕಾಲು ನೋವಿನ ಅಪ್ಪ ಏಣಿ ಹತ್ತುವುದನ್ನು ನೆನೆದೇ ನನಗೆ ತಿಂಡಿ ಸೇರಲಿಲ್ಲ.

ಬಸ್ಸಿನಲ್ಲಿ ಹೆಂಗಸಾದ ನನಗೆ ಉಚಿತ ಟಿಕೆಟ್, ಅಪ್ಪನಿಗೆ ದುಡ್ಡಿನದು. ಕುರುಗೋಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಹತ್ತಿರವೇ ಅಪ್ಪ ಕೆಲಸ ಮಾಡಿದ್ದ ಇನ್ನೊಂದು ಟಾಕೀಸು. ಈಗದು ಭತ್ತದ ಗೋದಾಮು. ಟಿಕೆಟ್ ಕೊಡುತ್ತಿದ್ದ ಕಿಂಡಿಗಳಿಗೆ ಇಟ್ಟಿಗೆ ತುಂಬಿದ್ದರು. ಹೆಂಗಸರ ಬಾಗಿಲ ಮೇಲಿನ ಕಮಲಗಳು ಮಾತ್ರ ಸುಣ್ಣದಡಿ ಉಬ್ಬಿಕೊಂಡು ಕಾಣುತ್ತಿದ್ದವು.

"ಆಗ ಊರಾಗ ಗುಡಿ ಬಿಟ್ರ ಟಾಕೀಸ ಎತ್ತರ," ಎಂದ ಅಪ್ಪ. ಸಿರುಗುಪ್ಪದ ಬಸ್ಸು ತಡವಾಯಿತು. ಅವನು ಎದ್ದೆದ್ದು ರಸ್ತೆ ನೋಡುತ್ತಿದ್ದ. ಅದು ಬಾರದೇ ಹೋದರೆ ಚೆನ್ನ ಎಂದು ನನಗೊಳಗೇ ಅನಿಸುತ್ತಿತ್ತು.

ಸಿರುಗುಪ್ಪ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಟಾಕೀಸಿನ ಹಿಂಭಾಗ, ಬಾಲ್ಕನಿ ಎಲ್ಲ ನೆಲಕ್ಕುರುಳಿದ್ದವು. ಮುಂಗೋಡೆಯೊಂದೇ ನಿಂತಿತ್ತು. ಅದರ ತುದಿಯಲ್ಲಿ ಗರಿ ಬಿಚ್ಚಿದ ನವಿಲು, ನವಿಲಿನ ಕಾಲಡಿಯಿಂದ ಬಾಗಿಲವರೆಗೆ ಬಿರುಕು. ಅಪ್ಪ ಅಲ್ಲಿದ್ದ ಆಳುಗಳನ್ನು ಏಣಿ ಕೇಳಿದ. ನಾನು ಅವನ ತೋಳು ಹಿಡಿದೆ.

"ಬ್ಯಾಡಪ್ಪಾ, ಗ್ವಾಡಿ ಅಳ್ಳಾಡಾಕತ್ತೈತಿ."

"ಕೈ ಬಿಡವ್ವಾ. ಅಲ್ಲೀತನ ಹೋಗಿ ನೋಡತೀನಿ."

ಕೊಸರಿಕೊಂಡು ಗೋಡೆಯ ಬುಡಕ್ಕೇ ಹೋಗಿಬಿಟ್ಟ. ಮೇಲಿಂದ ಗಾರೆ ಉದುರುತ್ತಿತ್ತು. ಅವನು ಬಿರುಕಿನಲ್ಲಿ ಬೆರಳಿಟ್ಟು ಮೇಲೆ ನೋಡುತ್ತ ನಿಂತ. ಅಷ್ಟರಲ್ಲಿ ಜೆಸಿಬಿ ಓಡಿಸುವ ಖಾದರ್ ಊಟ ಮುಗಿಸಿ ಬಂದ.

"ಅಜ್ಜಾ, ಈ ಕಡೆ ಬರ್ರಿ. ಕೆಳಗಿನ ಕಂಬಕ್ಕ ಹೊಡದ್ರ ಒಂದ ಏಟಿಗೆ ಮುಗಿತೈತಿ."

ಅಪ್ಪ ಗಾಬರಿಯಿಂದ ತಿರುಗಿದ. "ಕಂಬಕ್ಕ ಹೊಡಿಬ್ಯಾಡೋ ತಮ್ಮಾ! ನವಿಲಿನ ಭಾರ ಈ ಕಡೆ ವಾಲೈತಿ. ಗ್ವಾಡಿ ಸೀದಾ ನಿನ್ನ ಮ್ಯಾಲ ಬರತೈತಿ."

"ಹಂಗಾರ ಏನ ಮಾಡ್ಲಿರಿ?"

ಅಪ್ಪ ಗೋಡೆ ಬಿಟ್ಟು ಈಚೆ ಬಂದು ಇನ್ನೊಮ್ಮೆ ನವಿಲನ್ನು ನೋಡಿದ. ಆಮೇಲೆ, "ದೂರ ನಿಂತು ಮೊದ್ಲ ನವಿಲು ಕೆಡವು," ಎಂದ.

ಯಂತ್ರದ ತೋಳು ಮೇಲೆ ಚಾಚಿತು. ನವಿಲು ಚೂರುಚೂರಾಗಿ ಬಿತ್ತು. ಇನ್ನೊಂದು ಏಟಿಗೆ ಗೋಡೆ ಹಿಂದಕ್ಕೆ ಮಲಗಿತು. ಖಾದರ್ ಇಳಿದು ಬಂದು ಅಪ್ಪನ ಕೈ ಹಿಡಿದುಕೊಂಡ.

ಬಸ್ಸು ಹೊರಟಾಗ ತಿರುಗಿ ನೋಡಿದೆ. ಟಾಕೀಸು ನಿಂತಿದ್ದಲ್ಲಿ ಅದುವರೆಗೆ ಮರೆಯಾಗಿದ್ದ ಹಿಂದಿನ ಓಣಿ ಕಂಡಿತು. ಮಾಳಿಗೆಯ ಮೇಲೆ ಒಬ್ಬಾಕೆ ಒಣಗಿದ ಬಟ್ಟೆಗಳ ದೂಳು ಝಾಡಿಸುತ್ತಿದ್ದಳು.